ಕಟ್ಟೆಯ ಮೇಲೆ ಅಳೆದ ಊರು

ಅಥವಾ ಆ ಕುರ್ಚಿ ಕೆಂಪು ಬಣ್ಣದ್ದು ಇರಲೇ ಇಲ್ಲವೇನೋ. ಈ ಸಂಗತಿ ಹೇಳುವಾಗಲೆಲ್ಲ ಒಂದು ಕಾಲಿಗೆ ತಂತಿ ಸುತ್ತಿದ ಕೆಂಪು ಪ್ಲಾಸ್ಟಿಕ್ ಕುರ್ಚಿ ಎಂದೇ ಹೇಳುತ್ತ ಬಂದಿದ್ದೇನೆ. ಮೊನ್ನೆ ಗದಗದಲ್ಲಿ, ನಾನು ದಿನಾ ಚಹಾ ಕುಡಿಯುವ ಅಂಗಡಿಯಲ್ಲಿ ಕೂತು ಕೆಳಗೆ ನೋಡಿದೆ: ಕೆಂಪು ಕುರ್ಚಿ, ತಂತಿ ಸುತ್ತಿದ ಕಾಲು. ಅಂದರೆ ನನ್ನ ನೆನಪು ಇಲ್ಲಿಯ ಕುರ್ಚಿಯನ್ನು ಎತ್ತಿಕೊಂಡು ಹೋಗಿ, ಯಾರನ್ನೂ ಕೇಳದೆ, ಶಿರಹಟ್ಟಿಯ ಆಚೆಗಿನ ಒಂದು ಬೇವಿನ ಗಿಡದ ಕೆಳಗೆ ಇಟ್ಟುಬಿಟ್ಟಿದೆ. ಇಷ್ಟು ಸಲೀಸಾಗಿ ಕುರ್ಚಿ ಸಾಗಿಸುವ ನೆನಪು ಅದರ ಮೇಲೆ ಕೂತ ಮನುಷ್ಯನನ್ನು ಮಾತ್ರ ಇದ್ದಲ್ಲೇ ಬಿಟ್ಟಿರುತ್ತದೆ ಎಂದು ಹೇಗೆ ನಂಬುವುದು?

ಬಿಸಿಲಿತ್ತು ಎನ್ನುವುದು ನಿಜ. ನಮ್ಮ ಕಡೆ ಬಿಸಿಲಿತ್ತು ಎಂದು ಬರೆದರೆ ಸುಳ್ಳಾಗುವ ಸಂಭವ ಕಡಿಮೆ.

ಕುರ್ಚಿಯ ಬಣ್ಣದಿಂದ ಯಾರಿಗೂ ಏನೂ ಆಗಬೇಕಿಲ್ಲ. ಆದರೆ ನಾನು ಆ ದಿನ ಆ ಕುರ್ಚಿಯಿಂದ ಎದ್ದೆನೋ ಇಲ್ಲವೋ ಎನ್ನುವುದರಿಂದ ಒಂದು ಊರಿಗೆ ಮೊಬೈಲ್ ಟವರ್ ಬರುವುದು ತಪ್ಪಿತು. ಅದರಿಂದ ಒಬ್ಬ ಹೆಣ್ಣುಮಗಳು ಇರಬೇಕಾದ ಜಾಗದಲ್ಲಿ ಇಲ್ಲದಂತಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ದೂರಸಂಪರ್ಕ ಎಂಜಿನಿಯರ್. ಬೆಟಗೇರಿಯಲ್ಲಿ ಬಾಡಿಗೆ ಮನೆ, ಗದಗದಲ್ಲಿ ಆಫೀಸು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಾದಿಗಳಲ್ಲಿ ಕೆಲಸ. ಬೆಟಗೇರಿಯ ನಮ್ಮ ಓಣಿಯಲ್ಲಿ ಮಗ್ಗಗಳ ಸದ್ದು ನಿಂತರೆ ಮಾತ್ರ ಜನ ಕಿವಿಗೊಡುತ್ತಾರೆ. ನನ್ನ ಕೆಲಸವೂ ಅಂಥದ್ದೇ. ನಡೆಯುವಾಗ ನಾನು ಇರುವುದು ಯಾರಿಗೂ ಗೊತ್ತಿಲ್ಲ, ನಿಂತಾಗ ನನ್ನ ತಾಯಿಯಿಂದ ಹಿಡಿದು ಎಲ್ಲರ ಹೆಸರೂ ಜನರ ಬಾಯಲ್ಲಿ. ಮನೆಮಾಲಕರ ಪಾಲಿಗೆ ನಾನು ‘ಫೋನ್ ರಿಪೇರಿ ಮಾಡಾಂವ’. ಒಡೆದ ಗಾಜಿನ ಎರಡು ಮೊಬೈಲು ಈಗಲೂ ನನ್ನ ಕಪಾಟಿನಲ್ಲಿವೆ. ನನಗೆ ಅದು ಬರುವುದಿಲ್ಲ ಎಂದು ಹೇಳಿದ್ದನ್ನು ಅವರು ವಿನಯ ಎಂದುಕೊಂಡಿದ್ದಾರೆ.

ನಮ್ಮ ಆಫೀಸಿನಲ್ಲಿ ಊರುಗಳಿಲ್ಲ, ಬಣ್ಣಗಳಿವೆ. ಗೋಡೆಯಷ್ಟು ದೊಡ್ಡ ನಕ್ಷೆಯಲ್ಲಿ ಸಿಗ್ನಲ್ ಇರುವ ಊರು ಹಸಿರು, ಇದ್ದೂ ಇಲ್ಲದಂತಿರುವುದು ಹಳದಿ, ಇಲ್ಲದ್ದು ಕೆಂಪು. ಸೋಮವಾರದ ಮೀಟಿಂಗಿನಲ್ಲಿ ಹುಬ್ಬಳ್ಳಿಯ ಮೇಲಧಿಕಾರಿಗಳು ಪರದೆಯ ಮೇಲೆ ಮೂಡಿ, ಕೆಂಪು ಎಷ್ಟು ಕಡಿಮೆಯಾಯಿತು ಎಂದು ಕೇಳುತ್ತಾರೆ. ಪರದೆ ಆಗಾಗ ನಿಂತುಹೋಗುತ್ತದೆ, ಅವರ ಬಾಯಿ ಅರ್ಧ ತೆರೆದೇ ಇರುತ್ತದೆ. ದೂರಸಂಪರ್ಕದ ಆಫೀಸಿನಲ್ಲಿ ಅದು ಯಾಕೆ ನಿಲ್ಲುತ್ತದೆ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಆ ವರ್ಷ ಕೆಂಪು ಊರುಗಳಿಗೆ ಹೊಸ ಟವರ್ ಹಾಕುವ ಪಟ್ಟಿ ಬಂತು. ಪಟ್ಟಿಯಲ್ಲಿದ್ದ ಪ್ರತಿ ಊರಿಗೂ ಹೋಗಿ ಅಳೆದು ಬರಬೇಕು. ಅಳೆಯಲು ಒಂದು ವಿಶೇಷ ಫೋನು. ಗುಂಡಿ ಒತ್ತಿದರೆ ನಿಂತ ಜಾಗ ಮತ್ತು ಅಲ್ಲಿಯ ಸಿಗ್ನಲ್ ಎರಡನ್ನೂ ಬರೆದುಕೊಳ್ಳುತ್ತದೆ. ಒಂದು ಊರಿಗೆ ಹತ್ತು ಸಲ ಒತ್ತಬೇಕು. ಹತ್ತು ಸಲ, ಹತ್ತು ಬೇರೆ ಬೇರೆ ಕಡೆ ಎಂದು ಸೂಚನೆಯ ಪುಸ್ತಿಕೆಯಲ್ಲಿ ಇದೆ. ಆ ಪುಸ್ತಿಕೆಯನ್ನು ನಾನು ಓದಿದ್ದು ಆಮೇಲೆ.

ಊರಿನ ಹೆಸರು ಬೇಡ. ಕಪ್ಪತಗುಡ್ಡದ ಒಂದು ಮಡಿಲಲ್ಲಿದೆ. ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ, ಅವುಗಳ ಕರೆಂಟು ಎಲ್ಲಿಗೋ ಹೋಗುತ್ತದೆ. ಊರು ಎರಡು ತುಂಡು: ಗುಡ್ಡದ ಇಳಿಜಾರಿಗೆ ಮೇಲಿನ ಓಣಿ, ಹಳ್ಳದ ಪಕ್ಕ ಕೆಳಗಿನ ಓಣಿ, ನಡುವೆ ಒಂದು ಏರು. ದೂರದ ಟವರ್‌ನಿಂದ ಬರುವ ಸಿಗ್ನಲ್ಲು ಗುಡ್ಡಕ್ಕೆ ಬಡಿದು ನಿಂತುಬಿಡುತ್ತದೆ. ಆದರೆ ಎರಡು ಗುಡ್ಡಗಳ ಸಂದಿಯಿಂದ ಅದರ ಒಂದು ಎಳೆ ನುಸುಳಿ, ಮೇಲಿನ ಓಣಿಯ ತುದಿಗಿರುವ ಬೇವಿನ ಗಿಡದ ಕೆಳಗೆ ಬೀಳುತ್ತದೆ. ಎರಡು ಮಾರು ಆಚೆ ಇಲ್ಲ, ಎರಡು ಮಾರು ಈಚೆ ಇಲ್ಲ. ಇದನ್ನು ಯಾವ ಎಂಜಿನಿಯರನೂ ಕಂಡುಹಿಡಿಯಲಿಲ್ಲ. ಯಾರೋ ಒಬ್ಬರು ಕುರಿ ಕಾಯುತ್ತ ಅಲ್ಲಿ ಕೂತಾಗ ಕಿಸೆಯಲ್ಲಿನ ಫೋನು ಬಡಿದುಕೊಂಡಿತಂತೆ.

ಊರವರು ಅಲ್ಲಿ ಕಲ್ಲು ಜೋಡಿಸಿ, ಸಿಮೆಂಟು ಬಳಿದು ಕಟ್ಟೆ ಕಟ್ಟಿದರು. ಅದು ಫೋನಿನ ಕಟ್ಟಿ. ಬೇವಿನ ಗಿಡಕ್ಕೆ ಮೊಳೆ ಹೊಡೆದು, ಪ್ಲಾಸ್ಟಿಕ್ ಚೀಲಗಳಲ್ಲಿ ಫೋನುಗಳನ್ನು ಜೋತುಬಿಟ್ಟಿದ್ದರು. ಹೊಲಕ್ಕೆ ಹೋಗುವವರು ಫೋನನ್ನು ಗಿಡಕ್ಕೆ ಹಾಕಿ ಹೋಗುತ್ತಾರೆ, ಸಂಜೆ ಬಂದು ಇಳಿಸಿಕೊಳ್ಳುತ್ತಾರೆ. ನಡುವೆ ರಿಂಗಾದರೆ ಕಟ್ಟೆಯ ಮೇಲೆ ಕೂತವರು ದನಿಯಿಂದಲೇ ಯಾರದ್ದೆಂದು ಗುರುತಿಸಿ ಕೂಗುತ್ತಾರೆ: “ಏ, ನಿಮ್ಮ ಮಾವಂದು ಬಂತಲೇ! ಎತ್ಲೇನು?” ಕೆಳಗಿನಿಂದ ಉತ್ತರ: “ಬ್ಯಾಡೋ, ಊರಾಗಿಲ್ಲ ಅಂತ ಹೇಳು!” ಮಾವನ ಕಡೆ ಇವೆರಡೂ ಕೇಳಿಸುತ್ತಿದ್ದವೋ ಏನೋ. ವರದಕ್ಷಿಣೆಯ ಮಾತು, ಮೂಲವ್ಯಾಧಿಯ ಔಷಧಿ, ಗಂಡಹೆಂಡಿರ ಜಗಳ ಎಲ್ಲವೂ ಆ ಕಟ್ಟೆಯ ಮೇಲೆ ನಾಲ್ಕು ಜನರ ಎದುರಿಗೇ ಆಗಬೇಕು. ಆ ಊರಿನಲ್ಲಿ ಗುಟ್ಟು ಎಂಬುದಿದ್ದರೆ ಅದು ಸಿಗ್ನಲ್ಲು ಬರುವ ಮುಂಚಿನದು.

ನಾನು ಹೋದ ದಿನ ಊರಿಗೆ ಸುದ್ದಿ ಮೊದಲೇ ಮುಟ್ಟಿತ್ತು, ಕಟ್ಟೆಯ ಮೂಲಕವೇ. ಸಾಹೇಬರು ಟವರ್ ನೋಡಾಕ ಬರ್ತಾರ ಎಂದು ಕಟ್ಟೆ ತೊಳೆದಿದ್ದರು. ರಂಗೋಲಿ ಇತ್ತು ಎಂದು ನಾನು ಹಲವರಿಗೆ ಹೇಳಿದ್ದೇನೆ. ಇತ್ತೋ, ಅಥವಾ ಹೇಳುತ್ತ ಹೇಳುತ್ತ ನಾನೇ ಹಾಕಿದೆನೋ. ಕುರ್ಚಿ ಮಾತ್ರ ಇತ್ತು, ಯಾವ ಬಣ್ಣದ್ದಾದರೂ ಆಗಲಿ. ಅದರ ಮೇಲೆ ನನ್ನನ್ನು ಕೂರಿಸಿ ಹಿರಿಯರೊಬ್ಬರು ಹೆಗಲಿಗೆ ಟವೆಲ್ಲು ಹೊದಿಸಿದರು. ಹಿಂದೊಮ್ಮೆ ಪಂಚಾಯ್ತಿ ಸದಸ್ಯರಾಗಿದ್ದವರು. ಅಧಿಕಾರ ಹೋಗಿ ವರ್ಷಗಳಾದರೂ ಸ್ವಾಗತ ಭಾಷಣ ಬಿಟ್ಟಿರಲಿಲ್ಲ.

“ನಮ್ಮ ಊರಾಗ ಏನೂ ಇಲ್ಲ ಅಂತ ಯಾವನೋ ಬರದು ಕಳಿಸ್ಯಾನಂತ್ರಿ ಸಾಹೇಬ್ರ. ಸುಳ್ಳ್ರಿ ಅದು. ಇಲ್ಲೆ ಕುಂಡ್ರಿ, ಫೋನ್ ತಗೀರಿ, ನೋಡ್ರಿ ಹೆಂಗ ಕಡ್ಡಿ ಬರ್ತಾವ!”

ಕಡ್ಡಿಗಳು ಬಂದವು. ಮೂರು. ಸುತ್ತ ನಿಂತವರು ನೆಮ್ಮದಿಯ ಉಸಿರು ಬಿಟ್ಟರು. ಒಬ್ಬರು ಚಪ್ಪಾಳೆ ಕೂಡ ತಟ್ಟಿದರು. ಕನ್ಯೆ ನೋಡಲು ಬಂದವರ ಮುಂದೆ ಹುಡುಗಿ ಎಡವದೆ ಚಹಾದ ತಟ್ಟೆ ತಂದಿಟ್ಟಾಗ ಮನೆಯವರ ಮುಖ ಹೇಗಿರುತ್ತದೋ ಹಾಗಿತ್ತು ಎಲ್ಲರ ಮುಖ. ಅವರ ತಲೆಯಲ್ಲಿದ್ದ ಲೆಕ್ಕಾಚಾರ ಇಷ್ಟೇ: ನೋಡಲು ಬಂದವರಿಗೆ ಇದ್ದದ್ದರಲ್ಲಿ ಚಲೋದನ್ನು ತೋರಿಸಬೇಕು. ಶಾಲೆ ನೋಡಲು ಬಂದರೆ ಜಾಣ ಹುಡುಗರನ್ನು ಮುಂದೆ ಕೂರಿಸಬೇಕು, ರಸ್ತೆ ನೋಡಲು ಬಂದರೆ ಗುಂಡಿಗೆ ಮಣ್ಣು ಮುಚ್ಚಬೇಕು, ಸಿಗ್ನಲ್ಲು ನೋಡಲು ಬಂದರೆ ಸಿಗ್ನಲ್ಲು ತೋರಿಸಬೇಕು. ಇಲ್ಲ ಎಂದು ತೋರಿಸಿದರೇ ಸಿಗುತ್ತದೆ ಎನ್ನುವುದು ಅವರಿಗೆ ಹೊಳೆಯಲಿಲ್ಲ. ನನಗೆ ಹೊಳೆಯಬೇಕಿತ್ತು. ಸಂಬಳ ನನಗಿತ್ತು.

ಗಿರ್ಮಿಟ್ಟು ಬಂತು, ಮಿರ್ಚಿ ಬಂತು, ಚಹಾ ಬಂತು. ನಾನು ತಿನ್ನುತ್ತ ಒತ್ತುತ್ತ ಹೋದೆ. ಎಡಗೈಯಲ್ಲಿ ಗುಂಡಿ, ಬಲಗೈಯಲ್ಲಿ ಮಿರ್ಚಿ.

ಆಗ ಆಕೆ ಬಂದಳು. ಊರಿನ ಆಶಾ ಕಾರ್ಯಕರ್ತೆ. ಬಸುರಿ ಬಾಣಂತಿಯರ ಹೆಸರು ಬರೆದ ಪುಸ್ತಕ ಹಿಡಿದು ಮನೆಮನೆ ತಿರುಗುವ, ನಲವತ್ತು ದಾಟಿದ ಹೆಣ್ಣುಮಗಳು. ಮನೆ ಕೆಳಗಿನ ಓಣಿಯಲ್ಲಿ. ಏರು ಹತ್ತಿ ಬಂದಿದ್ದರಿಂದ ಏದುಸಿರು ಬಿಡುತ್ತಿದ್ದಳು.

“ಇಲ್ಲೆ ಏನ್ ನೋಡ್ತೀರಿ ಸರ? ಇಲ್ಲೆ ಬರ್ತೈತಿ ಅಂತನ ಕಟ್ಟಿ ಕಟ್ಯಾರ. ಕೆಳಗ ಬಂದು ನೋಡ್ರಿ.”

“ಏ ಯವ್ವಾ, ಸಾಹೇಬ್ರು ತಿನ್ನಾಕತ್ತಾರ, ತಡಿ” ಎಂದರು ಹಿರಿಯರು.

“ತಿನ್ಲಿ, ಬ್ಯಾಡನ್ನಂಗಿಲ್ಲ. ನಮ್ಮ ಓಣ್ಯಾಗ ಒಬ್ಬಾಕಿಗೆ ಬ್ಯಾನಿ ಸುರು ಆತಂದ್ರ ಆಕೀನ್ನ ಬಿಟ್ಟು ನಾ ಈ ಏರು ಹತ್ತಿ ಬಂದು ದವಾಖಾನಿ ಗಾಡಿಗೆ ಫೋನ್ ಮಾಡ್ಬೇಕ್ರಿ ಸರ. ನಾ ಇಲ್ಲಿರ್ಲೋ, ಆಕಿ ಕಡೆ ಇರ್ಲೋ?”

ಈ ಮಾತು ಆಕೆ ಆಡಿದ್ದು ಖಂಡಿತ. ಯಾಕೆಂದರೆ ಇಂಥ ಮಾತನ್ನು ನಾನು ಹುಟ್ಟಿಸಲಾರೆ. ಅದರ ಮುಂದಿನದು ನನಗೆ ಖಂಡಿತವಿಲ್ಲ. ನಾನು ‘ನೋಡೂಣ್ರಿ ಅಕ್ಕಾರ’ ಅಂದೆ. ನಮ್ಮ ಇಲಾಖೆಯಲ್ಲಿ, ಬಹುಶಃ ಎಲ್ಲ ಇಲಾಖೆಗಳಲ್ಲೂ, ‘ನೋಡೂಣ’ ಅಂದರೆ ಕಣ್ಣು ಮುಚ್ಚಿಕೊಳ್ಳುವುದು. ಆಮೇಲೆ ನಾನು ಎದ್ದೆನೇ? ಏರಿನ ತನಕ ಹೋದೆನೇ? ಒಂದು ಚಿತ್ರದಲ್ಲಿ ನಾನು ಹೆಗಲ ಮೇಲಿನ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಇಳಿಜಾರಿನಲ್ಲಿ ನಿಂತಿದ್ದೇನೆ. ಇನ್ನೊಂದರಲ್ಲಿ ಎರಡನೆಯ ಮಿರ್ಚಿ ಬೇಡ ಎನ್ನುತ್ತ ತೆಗೆದುಕೊಳ್ಳುತ್ತಿದ್ದೇನೆ. ಎರಡೂ ನನ್ನ ಸ್ವಭಾವಕ್ಕೆ ಹೊಂದುತ್ತವೆ.

ಆಫೀಸಿಗೆ ಬಂದು ಲೆಕ್ಕವನ್ನು ಯಂತ್ರಕ್ಕೆ ಹಾಕಿದೆ. ಹತ್ತರಲ್ಲಿ ಒಂದು ಉಳಿದವಕ್ಕೆ ಹೊಂದುತ್ತಿಲ್ಲ, ತೆಗೆಯಲೇ ಎಂದು ಯಂತ್ರ ಕೇಳಿತು. ತೆಗೆ ಅಂದೆ. ದಿನಕ್ಕೆ ನೂರು ಸಲ ಯಂತ್ರ ಏನಾದರೂ ಕೇಳುತ್ತಿರುತ್ತದೆ, ನಾನು ಹೂಂ ಎನ್ನುತ್ತಿರುತ್ತೇನೆ. ನಮ್ಮಿಬ್ಬರದು ಹಳೆಯ ಸಂಸಾರ. ಊರು ಹಸಿರಾಯಿತು. ಸೋಮವಾರ ಪರದೆಯ ಮೇಲಿನ ಬಾಯಿ ‘ವೆರಿ ಗುಡ್’ ಅಂದಿತು. ಪಟ್ಟಿಯಿಂದ ಊರಿನ ಹೆಸರು ಹೋಯಿತು. ಟವರ್ ಬೇರೆ ಯಾವುದೋ ಊರಿಗೆ ನಡೆಯಿತು. ಆ ಊರಿನವರು ಮರ್ಯಾದೆ ಗೊತ್ತಿಲ್ಲದವರಿರಬೇಕು. ಬಂದವನಿಗೆ ಕೂರಲು ಸಹ ಹೇಳದೆ ಬಿಸಿಲಲ್ಲಿ ತಿರುಗಾಡಿಸಿರಬೇಕು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಆಕೆಯ ಫೋನು ಬಂತು. ಹಿಂದೆ ಎರಡು ಮೂರು ಬೇರೆ ಫೋನುಗಳು ರಿಂಗಾಗುತ್ತಿದ್ದವು. ಕಟ್ಟೆಯ ಮೇಲಿಂದಲೇ ಮಾತಾಡುತ್ತಿದ್ದಾಳೆ, ಊರೆಲ್ಲ ಕೇಳುತ್ತಿದೆ ಎಂದು ತಿಳಿಯಿತು.

“ಸರ, ನಿನ್ನೆ ನಮ್ಮ ಓಣ್ಯಾಗ ಒಂದು ಹೆರಿಗಿ ಆತ್ರಿ. ದಿನಾ ಇನ್ನೂ ಇದ್ದುವು. ಒಮ್ಮಿಂದೊಮ್ಮಿಲೆ ಬ್ಯಾನಿ ಬಂದ್ವು. ನಾ ಗಾಡಿಗೆ ಫೋನ್ ಮಾಡಾಕ ಇಲ್ಲಿ ಬಂದೆ. ಅವರು ಹಾದಿ ಕೇಳಿದ್ರು, ಊರು ಕೇಳಿದ್ರು, ತಾಲೂಕು ಕೇಳಿದ್ರು. ನಾ ಹೇಳಾಕತ್ತಿದ್ದೆ, ಕೆಳಗಿಂದ ಕೂಸು ಅತ್ತಿದ್ದು ಕೇಳ್ತು.”

“ಕೂಸು ಹೆಂಗೈತ್ರಿ?”

“ಚಲೋ ಐತಿ. ತಾಯಿಗೆ ರಕ್ತ ಭಾಳ ಹೋಗಿತ್ತು, ಗದಗಕ್ಕ ಒಯ್ದ್ರು, ಈಗ ಆರಾಮದಾಳ. ಅದಕ್ಕ ಅಲ್ರಿ ಫೋನ್ ಮಾಡಿದ್ದು. ಆಕಿ ನನ್ನ ಕೈ ಹಿಡಕೊಂಡಿದ್ಲು, ನಾ ಬಿಡಿಸಿಕೊಂಡು ಬಂದೆ. ಕೂಸು ಬಂದಾಗ ನಾ ಕಟ್ಟಿ ಮ್ಯಾಲಿದ್ದೆ. ನಾಳೆ ಇನ್ನೊಬ್ಬಾಕಿ ಅದಾಳ, ಆಕಿಗೂ ಇದನ ಮಾಡ್ಲೇನು?”

ನಾನು ಏನೋ ಹೇಳಿದೆ. ಕಟ್ಟೆಯ ಮೇಲಿನ ಹಿರಿಯರ ದನಿ ಸಣ್ಣಗೆ ಕೇಳಿತು: “ಸಾಹೇಬ್ರನ್ನ ಬೈಬ್ಯಾಡವಾ, ಅವರು ನಮ್ಮ ಮಿರ್ಚಿ ತಿಂದಾರ.”

ಮರುದಿನ ನಾನು ಹುಬ್ಬಳ್ಳಿಗೆ ಪತ್ರ ಬರೆದೆ. ನನ್ನ ಅಳತೆ ತಪ್ಪು, ಮತ್ತೆ ಅಳೆಯಬೇಕು ಎಂದು. ಇದನ್ನು ಧೈರ್ಯ ಎಂದು ಯಾರೂ ತಿಳಿಯಬಾರದು, ನಾನು ‘ತಾಂತ್ರಿಕ ಕಾರಣಗಳಿಂದ’ ಎಂಬ ಮಾತನ್ನು ಮೂರು ಸಲ ಬಳಸಿದ್ದೆ. ಮೇಲಧಿಕಾರಿಗಳು ಫೋನು ಮಾಡಿದರು.

“ನೀನ ಹಸಿರು ಅಂತ ಬರದಿ. ಈಗ ನೀನ ಕೆಂಪು ಅಂತಿ. ಯಾವ ನೀನು ಖರೆ?”

“ಈಗಿನಾಂವ್ರಿ ಸರ.”

“ಮುಂದಿನ ತಿಂಗಳ ಇನ್ನೊಬ್ಬಾಂವ ಬಂದ್ರ?” ಎಂದು ನಕ್ಕರು. ಆದರೂ ಕೆಟ್ಟವರಲ್ಲ. ನನ್ನನ್ನು ಬಿಟ್ಟು ಬೇರೆ ಸರ್ವೆಯರ್ ಒಬ್ಬರನ್ನು ಕಳಿಸಲು ಒಪ್ಪಿದರು.

ನಾನು ಊರಿಗೆ ಹೋಗಿ ಕಟ್ಟೆಯ ಮೇಲೆ ನಿಂತು, ಕಾಲೇಜು ಬಿಟ್ಟ ಮೇಲೆ ಮೊದಲ ಸಲ ನೀಟಾಗಿ ಪಾಠ ಹೇಳಿದೆ. ಈ ಸಲ ಬರುವವರನ್ನು ಕಟ್ಟೆಗೆ ಕರೆದುಕೊಂಡು ಬರಬೇಡಿ. ಗಿಡದಿಂದ ಫೋನು ಇಳಿಸಿರಿ. ಸೀದಾ ಕೆಳಗಿನ ಓಣಿಗೆ ಒಯ್ಯಿರಿ. ಸಿಗ್ನಲ್ಲು ಇಲ್ಲ ಎಂದು ತೋರಿಸಿದರೆ ಟವರ್ ಬರುತ್ತದೆ. ಎಲ್ಲರೂ ತಲೆಯಾಡಿಸಿದರು. ಹಿರಿಯರು ಎಲ್ಲರಿಗಿಂತ ಜೋರಾಗಿ ಆಡಿಸಿದರು.

ಸರ್ವೆಯರ್ ಬಂದ ದಿನ ಸಂಜೆ ಆ ಹಿರಿಯರಿಗೇ ಫೋನು ಮಾಡಿದೆ.

“ಏನಾತ್ರಿ ಹಿರ್ಯಾರ?”

“ಕಟ್ಟಿ ಮ್ಯಾಲ ಕುಂದ್ರಿಸಿದ್ವಿರಿ.”

“ಅಲ್ರಿ, ನಾ ಅಷ್ಟು ಹೇಳಿದ್ದೆ...”

“ನೀವು ಹೇಳಿದ್ದು ತಿಳೀತ್ರಿ. ಆದ್ರ ಅವರು ಬೆಳ್ಳನ್ನ ಅಂಗಿ ಹಾಕ್ಕೊಂಡು ಬಂದಿದ್ರು ಸಾಹೇಬ್ರ. ಊರಿಗೆ ಬಂದ ಮನಷ್ಯಾನ್ನ ಬಚ್ಚಲ ನೀರು ಹರಿಯೂ ಓಣ್ಯಾಗ ಹೆಂಗ ನಿಂದ್ರಿಸೂದು? ನಮಗೂ ಒಂದು ಮರ್ಯಾದಿ ಐತಿಲ್ರಿ?”

ಐದು ಸಲ ಗುಂಡಿ ಒತ್ತಿ ಆಗಿತ್ತಂತೆ, ಅಷ್ಟರಲ್ಲಿ ಆಕೆ ಬಂದಳಂತೆ. ಈ ಸಲ ಆಕೆ ಸಿಗ್ನಲ್ಲಿನ ಮಾತೇ ಎತ್ತಲಿಲ್ಲ. ಊರಿನವರ ಆಯುಧವನ್ನೇ ಎತ್ತಿಕೊಂಡಳು. “ಸಾಹೇಬ್ರ, ಬರೇ ಚಾ ಕುಡದು ಹೋಗ್ತೀರೇನು? ನಮ್ಮ ಮನ್ಯಾಗ ಊಟಕ್ಕ ಬರ್ರಿ” ಅಂದಳು. ಊಟಕ್ಕೆ ಕರೆದರೆ ಯಾರು ತಡೆಯುತ್ತಾರೆ? ಹಿರಿಯರೇ ಮುಂದೆ ನಿಂತು ಏರು ಇಳಿಸಿದರು. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಬಡಿಸುತ್ತ ಆಕೆ ಒಂದೊಂದು ರೊಟ್ಟಿಗೆ ಒಂದು ಸಲ ಗುಂಡಿ ಒತ್ತಿಸಿದಳಂತೆ. ಆ ಪುಣ್ಯಾತ್ಮರು ಐದು ರೊಟ್ಟಿ ತಿಂದರು. ಐದೂ ಸೊನ್ನೆ.

ಹತ್ತನ್ನೂ ಯಂತ್ರಕ್ಕೆ ಹಾಕಿದರು. ಈ ಸಲ ಯಾವುದನ್ನೂ ತೆಗೆಯಲೇ ಎಂದು ಕೇಳಲಿಲ್ಲ ಅದು. ಕಟ್ಟೆಯ ಐದು, ಓಣಿಯ ಐದು, ಕೂಡಿಸಿ ಸರಾಸರಿ ತೆಗೆಯಿತು. ಊರು ಹಳದಿಯಾಯಿತು. ಹಳದಿ ಎಂದರೆ ‘ಮಧ್ಯಮ, ಕ್ರಮ ಬೇಕಿಲ್ಲ’. ಸಿಗ್ನಲ್ಲು ಮಧ್ಯಮವಾಗಿರುವ ಒಂದೇ ಒಂದು ಅಡಿ ನೆಲ ಆ ಊರಿನಲ್ಲಿಲ್ಲ. ಒಂದೋ ಇದೆ, ಇಲ್ಲವೇ ಇಲ್ಲ. ಆದರೆ ನಕ್ಷೆ ಹಳದಿ, ಇವತ್ತಿಗೂ.

ಆಮೇಲೆ ನಾನು ಒಮ್ಮೆ ಆಕೆಯ ಮನೆಗೆ ಹೋದೆ. ಊಟಕ್ಕೆ ಕೂರಿಸಿದಳು. ತಾಟು ಇಡುತ್ತ ಅಂದಳು:

“ಕಡೀಕೂ ಬಂದ್ರೆಲ್ರಿ ಸರ. ಆವತ್ತೂ ಕರದಿದ್ದೆ ನಿಮ್ಮನ್ನ.”

“ನಂಗ ನೆನಪಿಲ್ರಿ ಅಕ್ಕಾರ.”

“ಅರ್ಧ ಏರು ಇಳದ್ರಿ. ಅಲ್ಲೆ ನಿಂತು ಫೋನ್ ನೋಡಿದ್ರಿ. ಒಮ್ಮೆ ನನ್ನ ಮಾರಿ ನೋಡಿದ್ರಿ. ಹಿಂದಕ್ಕ ಹೋದ್ರಿ.”

ಆಕೆಯ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ವಾದ ಮಾಡಬಹುದಿತ್ತು. ಹಿರಿಯರನ್ನು ಕೇಳಿದೆ. “ಛೇ ಛೇ, ಸಾಹೇಬ್ರು ಕುರ್ಚಿ ಬಿಟ್ಟು ಎದ್ದ ಇಲ್ರಿ. ನಾ ಬಾಜೂಕ ನಿಂತಿದ್ನೆಲ್ಲ!” ಅವರು ನನ್ನನ್ನು ಉಳಿಸಲು ಹೀಗೆ ಹೇಳುತ್ತಾರೋ, ಅಥವಾ ತಾವು ಹಾಕಿದ ಕುರ್ಚಿಯ ಮರ್ಯಾದೆ ಉಳಿಸಲೋ. ಎದ್ದಿಲ್ಲ ಎಂದರೆ ನಾನು ಸೋಮಾರಿ. ಎದ್ದು, ನೋಡಿ, ವಾಪಸು ಬಂದಿದ್ದರೆ ಅದಕ್ಕೆ ಬೇರೆ ಹೆಸರಿದೆ.

ನಾನು ಎಂಜಿನಿಯರ್, ನೆನಪನ್ನು ನಂಬಬೇಕಿಲ್ಲ, ದಾಖಲೆ ಇದೆ. ಆಫೀಸಿಗೆ ಬಂದು ಆ ದಿನದ ಮೂಲ ಕಡತ ತೆರೆದೆ. ನಕ್ಷೆಯ ಮೇಲೆ ಹತ್ತು ಚುಕ್ಕಿ. ಒಂಬತ್ತು ಚುಕ್ಕಿ ಬೇವಿನ ಗಿಡದ ಕೆಳಗೆ ಒಂದರ ಮೇಲೊಂದು ಬಿದ್ದಿವೆ. ಹತ್ತನೆಯದು, ನಾನು ‘ತೆಗೆ’ ಅಂದದ್ದು, ಏರಿನ ನಡುವೆ ಬಿದ್ದಿದೆ. ಅದರ ಸಿಗ್ನಲ್ಲು ಸೊನ್ನೆಗೆ ಹತ್ತಿರ.

ಆದರೆ ಆ ಫೋನುಗಳು ತಾವು ನಿಂತ ಜಾಗವನ್ನು ಆಗಾಗ ತಪ್ಪಾಗಿ ಬರೆದುಕೊಳ್ಳುತ್ತವೆ. ಗುಡ್ಡದ ಬದಿಯಲ್ಲಿ ಇನ್ನೂ ಹೆಚ್ಚು. ಗಿಡದ ಕೆಳಗೇ ಇದ್ದ ಫೋನು ಒಂದು ಕ್ಷಣ ತಾನು ಏರಿನಲ್ಲಿದ್ದೇನೆ ಎಂದುಕೊಂಡಿರಬಹುದು. ಸುತ್ತ ಇಪ್ಪತ್ತು ಜನ ಮುತ್ತಿಕೊಂಡಾಗ ಕಟ್ಟೆಯ ಮೇಲೂ ಒಮ್ಮೊಮ್ಮೆ ಸಿಗ್ನಲ್ಲು ಬೀಳುತ್ತದೆ. ಇವೆರಡೂ ಒಂದೇ ಕ್ಷಣಕ್ಕೆ ಆಗಬಹುದೇ? ಆಗಬಹುದು. ನಾನು ಇದನ್ನು ಬೇರೆ ಯಾರ ವರದಿಯಲ್ಲಿ ಓದಿದ್ದರೆ ನಂಬುತ್ತಿದ್ದೆನೇ? ಆ ಪ್ರಶ್ನೆಯನ್ನು ಬದಿಗಿಡುತ್ತೇನೆ.

ಕೆಳಗಿನ ಓಣಿಯಲ್ಲಿ ಈಗ ಮತ್ತೊಬ್ಬಳು ತುಂಬಿದ ಬಸುರಿ. ಆಶಾ ಕಾರ್ಯಕರ್ತೆ ಏರಿನ ತಲೆಗೆ ಒಬ್ಬರನ್ನು ನಿಲ್ಲಿಸಿ, ತಾನು ಕೂಗಿದ ಕೂಡಲೇ ಕಟ್ಟೆಯವರು ಗಾಡಿಗೆ ಫೋನು ಮಾಡುವಂತೆ ಏರ್ಪಾಡು ಮಾಡಿದ್ದಾಳೆ. ಮತ್ತೆ ಅಳೆಯಬೇಕು ಎಂದು ನಾನು ಹುಬ್ಬಳ್ಳಿಗೆ ಎರಡನೆಯ ಪತ್ರ ಬರೆದಿದ್ದೇನೆ. ಅದರಲ್ಲಿ ಆ ಹತ್ತನೆಯ ಚುಕ್ಕಿ ಎಲ್ಲಿಯದು, ಯಾಕೆ ತೆಗೆದೆ ಎಂದು ವಿವರಣೆ ಕೊಡಬೇಕಾದ ಕಡೆ ಖಾಲಿ ಬಿಟ್ಟಿದ್ದೆ. ತುಂಬದೆ ಸ್ವೀಕರಿಸಲಾಗದು ಎಂದು ವಾಪಸು ಬಂದಿದೆ. ನಾಳೆ ತುಂಬಿ ಕಳಿಸಬೇಕು.

ಆ ದಿನ ನಾನು ಏರಿನ ನಡುವೆ ನಿಂತು, ಸಿಗ್ನಲ್ಲು ಇಲ್ಲದ್ದನ್ನು ಕಣ್ಣಾರೆ ನೋಡಿ, ತಿರುಗಿ ಬಂದೆನೋ, ಅಥವಾ ಕುರ್ಚಿಯಿಂದ ಏಳಲೇ ಇಲ್ಲವೋ, ನನಗೆ ಗೊತ್ತಿಲ್ಲ.